ಕೈಮುಗಿದ ಅಂಗಡಿ

"ಗುರುಗಳೇ, ಕಲಿಸಬೇಕಾದ್ದನ್ನೆಲ್ಲ ಕಲಿಸಿದ ಮೇಲೂ ತಪ್ಪಾದರೆ ಅದು ಯಾರ ತಪ್ಪು?" ಎಂದು ಶಿಷ್ಯ ಮುರಿಗಯ್ಯ ಕೇಳಿದ.

ಅವನಿಗೆ ಸಿಟ್ಟು ನೆತ್ತಿಗೇರಿತ್ತು. ಮಠದ ದಾಸೋಹದಲ್ಲಿ ಬಡಿಸುವವರನ್ನು ತಯಾರು ಮಾಡಿದವನು ಅವನೇ. ಅನ್ನ ಹಾಳಾಗಬಾರದು, "ಬಡಿಸಲೇ?" ಎಂದು ಕೇಳಿ, ಕೂತವರು ಹೂಂ ಎಂದ ಮೇಲೆಯೇ ಬಡಿಸಬೇಕು ಎಂದು ಕಲಿಸಿದ್ದ. ನಿನ್ನೆ ಪಂಕ್ತಿಯಲ್ಲಿ ಕೂತ ಮುದುಕನೊಬ್ಬ ಹೂಂ ಅನ್ನಲಿಲ್ಲ. ಬಡಿಸುವವರು ಮುಂದೆ ಹೋದರು. ಮುದುಕ ಬರಿ ಎಲೆ ಮಡಿಸಿ ಎದ್ದುಹೋದ. ಅವನಿಗೆ ಕಿವಿ ಕೇಳಿಸದು ಎಂಬುದು ಆಮೇಲೆ ತಿಳಿಯಿತು. ಈಗ ಊರವರು ಮಠವನ್ನು ಆಡಿಕೊಳ್ಳುತ್ತಿದ್ದರು. ಮುರಿಗಯ್ಯನಿಗೆ ಚುಚ್ಚಿದ್ದು ಅದು.

"ಒಂದು ಕೈಸನ್ನೆ ಮಾಡಿದ್ದರೆ ಆ ಮುದುಕನ ಗಂಟೇನು ಹೋಗುತ್ತಿತ್ತು?" ಎಂದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಟ್ಟೆ ವರ್ತಕನಿದ್ದ. ಊರಿಗೆಲ್ಲ ಅವನದೊಂದೇ ಬಟ್ಟೆ ಅಂಗಡಿ. ಸಂತೆಯಲ್ಲಿ ಮಾರುವವರು ಕೂಗಿ ಕರೆಯುವುದು, ಗಿರಾಕಿಯ ಕೈ ಹಿಡಿದು ಎಳೆಯುವುದು ಅವನಿಗೆ ಹೇಸಿಗೆ. ತನ್ನ ಆಳುಗಳಿಗೆ ಮರ್ಯಾದೆ ಕಲಿಸಿದ. ಗಿರಾಕಿ ಬಂದರೆ ಎದ್ದು ನಿಲ್ಲಿ, ನಗುಮುಖದಿಂದ ಕೈಮುಗಿಯಿರಿ, ಇಂಥದು ಬೇಕು ಎಂದು ಅವರು ಹೇಳುವ ತನಕ ತುಟಿ ಬಿಚ್ಚಬೇಡಿ ಎಂದ. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು ಅನ್ನುತ್ತಾರೆ. ಅಲ್ಲಿ ಹಾಗಾಗಲಿಲ್ಲ. ಆಳುಗಳು ಒಂದಕ್ಷರವನ್ನೂ ಮರೆಯಲಿಲ್ಲ. ಕೇಡು ಬಂದದ್ದು ಅದರಿಂದಲೇ.

ಅದೇ ಊರಿನಲ್ಲಿ ಒಬ್ಬ ಕುರುಡಿ ಇದ್ದಳು. ಒಂದು ಬೆಳಗ್ಗೆ ಅವಳ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ನೆರೆಯವರು ಉಳಿದ ಕೆಲಸಕ್ಕೆ ನಿಂತರು. ಕೊನೆಯ ಬಟ್ಟೆಯನ್ನು ಮಾತ್ರ ತಾನೇ ತಂದು ಹೊದಿಸುತ್ತೇನೆಂದು ಹಟ ಹಿಡಿದು, ಗೋಡೆ ತಡವುತ್ತ ಆಕೆ ಅಂಗಡಿಗೆ ಬಂದಳು. ಆಳುಗಳು ಎದ್ದು ನಿಂತು ಕೈಮುಗಿದರು. ಆಕೆ ಕಾದಳು. "ಯಾರಾದ್ರೂ ಇದ್ದೀರೇನ್ರಪ್ಪಾ?" ಎಂದಳು. ಅವರು ಇನ್ನಷ್ಟು ಬಾಗಿ ಕೈಮುಗಿದರು. ಆಕೆ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಬಂದ ದಾರಿಯಲ್ಲೇ ಹಿಂತಿರುಗಿದಳು.

ಮಧ್ಯಾಹ್ನ ಹೆಣ ಅಂಗಡಿಯ ಮುಂದೆಯೇ ಹಾದುಹೋಯಿತು. ಅದರ ಮೇಲೆ ತೇಪೆ ಹಾಕಿದ ಹಳೆಯ ಪಂಚೆ ಹೊದಿಸಿತ್ತು. ವರ್ತಕ ಬಾಗಿಲಿಗೆ ಬಂದು, ಒಂದು ಹೊಸ ಬಟ್ಟೆಗೂ ಗತಿಯಿಲ್ಲವೇ ಎಂದು ವಿಚಾರಿಸಿದ. ಬೆಳಗ್ಗೆ ಸತ್ತವನ ಹೆಂಡತಿ ಬಂದಿದ್ದಳು, ನಿಮ್ಮ ಅಂಗಡಿಯಲ್ಲಿ ಯಾರೂ ಇರಲಿಲ್ಲವಂತೆ ಎಂದರು ಜನ. ವರ್ತಕ ಆಳುಗಳತ್ತ ತಿರುಗಿದ.

"ನಾವೆಲ್ಲ ಇಲ್ಲೇ ಇದ್ವಿ ಧಣಿ. ನೀವು ಹೇಳಿಕೊಟ್ಟ ಹಾಗೇ ಕೈಮುಗಿದ್ವಿ. ಆಯಮ್ಮನೇ ನಮ್ಮ ಕಡೆ ತಿರುಗಿಯೂ ನೋಡ್ಲಿಲ್ಲ. ಬಲು ಗರ್ವ!" ಎಂದರು ಆಳುಗಳು.

ಗಂಡ ಸತ್ತು ಬಂದವಳಿಗೆ ಬಟ್ಟೆ ಕೊಡಲಾಗಲಿಲ್ಲ, ಗರ್ವದ ಹೆಸರನ್ನು ಕೊಟ್ಟು ಕಳಿಸಿದರು. ವರ್ತಕ ಬಿಳಿಯ ಬಟ್ಟೆಯನ್ನು ಎಳೆದುಕೊಂಡು ಮಸಣದ ತನಕ ಓಡಿದ. ಅವನು ಮುಟ್ಟುವಷ್ಟರಲ್ಲಿ ಗುಂಡಿ ಮುಚ್ಚಿತ್ತು.

ಗುರುಗಳು ಕತೆ ನಿಲ್ಲಿಸಿದರು. ಮುರಿಗಯ್ಯನಿಗೆ ಕೂತಲ್ಲಿ ಕೂರಲಾಗಲಿಲ್ಲ.

"ಅವರ ತಲೆಯಲ್ಲಿ ಸೆಗಣಿ ತುಂಬಿತ್ತೇ? ಕಣ್ಣಿಲ್ಲದವಳ ಮುಂದೆ ಕೈಮುಗಿದು ನಿಲ್ಲುವುದೇ? 'ಬಾ ತಾಯಿ' ಅನ್ನುವುದನ್ನೂ ಹೇಳಿಕೊಡಬೇಕೇ? ಆ ವರ್ತಕನಾದರೂ ಎಂಥವನು, ಹೆಣ ಬಾಗಿಲಿಗೆ ಬರುವ ತನಕ ಅವನಿಗೆ ಗೊತ್ತೇ ಆಗಲಿಲ್ಲವೇ!" ಎಂದು ಕೂಗಾಡಿದ.

ಗುರುಗಳು ಅವನ ಉಸಿರು ತಹಬಂದಿಗೆ ಬರುವ ತನಕ ಕಾದು ಹೇಳಿದರು:

"ಅವನು ಮಸಣದ ತನಕವಾದರೂ ಓಡಿದ, ನಿನ್ನ ಮುದುಕ ಇವತ್ತು ಎಲ್ಲಿ ಉಂಡ, ಮುರಿಗಯ್ಯಾ?"