ತೊಡೆ ಮೇಲಿನ ಟ್ಯಾಬ್

ಇಂಜಿನ್ನಿಲ್ಲದ ಗ್ಲೈಡರ್ ವಿಮಾನಕ್ಕೆ ಹಗ್ಗ ಹಾಕಿ ನೆಲದಿಂದ ಮೇಲಕ್ಕೆ ಎಳೆಯೋ ಮಿಷನ್ ನಡೆಸೋನು ನಾನು. ನನ್ನಂಗೆ ಎಳೆಯೋನು ಇನ್ನೂ ಹುಟ್ಟಿಲ್ಲ, ಬಿಡಿ. ಅಂಥಾ ನಾನೇ ಅವತ್ತು ಬೆಚ್ಚಿಬಿದ್ದೆ.

ಬೋಪಯ್ಯ ಮೇಷ್ಟ್ರು ಹಾರೋದು ಕಲಿಸೋರು. ಶಿಷ್ಯ ಚಂದ್ರಹಾಸ. ಮಾರನೇ ದಿನ ಅವನು ಮೊದಲ ಸಲ ಒಬ್ಬನೇ ದೂರ ಹಾರಬೇಕು.

ದಾರಿ ನೋಡೋಕೆ ಅಂತ ಅಂಗಡಿಯಿಂದ ಎರಡು ಟ್ಯಾಬ್ ತಂದಿದ್ದ. ಒಂದು ಊಟದ ತಟ್ಟೆಯಷ್ಟು, ಇನ್ನೊಂದು ಅಂಗೈಯಷ್ಟು.

"ಯಾವುದು ಇಟ್ಕೊಳ್ಳಲಿ ಮೇಷ್ಟ್ರೇ?"

"ಹಾರಿ ನೋಡು."

ದೊಡ್ಡದನ್ನ ತೊಡೆಗೆ ಕಟ್ಕೊಂಡ. ಮೇಷ್ಟ್ರು ಹಿಂದಿನ ಸೀಟಲ್ಲಿ. ನಾನು ಎಳೆದೆ.

ಮೇಲೆ ಇನ್ನೊಂದು ಗ್ಲೈಡರ್ ನೆಲದಿಂದ ಏಳೋ ಬಿಸಿಗಾಳೀಲಿ ಎಡಕ್ಕೆ ಸುತ್ತುತಾ ಏಳ್ತಿತ್ತು. ಮೊದಲು ಬಂದೋನು ಸುತ್ತೋ ಕಡೇನೇ ಆಮೇಲೆ ಬಂದೋನೂ ಸುತ್ತಬೇಕು. ಆಕಾಶದಲ್ಲಿ ಅದೇ ಮರ್ಯಾದೆ.

ಇವನು ಬಲಕ್ಕೆ ತಿರುಗಿಸಿದ!

ಎದುರಾಬದುರು! ಅಯ್ಯಯ್ಯೋ ಅಂತ ಕಣ್ಣು ಮುಚ್ಕೊಂಡೆ. ಕಣ್ಣು ಬಿಟ್ಟಾಗ ಮೇಷ್ಟ್ರು ರೆಕ್ಕೆ ವಾಲಿಸಿ ಕೆಳಕ್ಕೆ ಜಾರಿಸಿಬಿಟ್ಟಿದ್ರು.

ಗ್ಲೈಡರ್ ನೆಲಕ್ಕಿಳಿದಾಗ ಓಡಿಹೋಗಿ ನೋಡಿದ್ರೆ ಚಂದ್ರಹಾಸನ ಮುಖದಲ್ಲಿ ರಕ್ತವೇ ಇಲ್ಲ.

"ಅವನ ಹಲ್ಲು ಕಾಣಿಸ್ತು ಮೇಷ್ಟ್ರೇ! ಅಷ್ಟು ಹತ್ರ!"

"ಅದಕ್ಕೆ ಮುಂಚೆ ಏನು ನೋಡ್ತಿದ್ದೆ?"

"ಟ್ಯಾಬು... ಗಾಳಿ ಎಲ್ಲಿದೆ ಅಂತ."

ಮೇಷ್ಟ್ರು ಬೈಯಲಿಲ್ಲ. "ಸೀಟಿಂದ ಏಳಬೇಡ. ಇಲ್ಲಿಂದ ಕೆರೆಗೆ ಎಷ್ಟು ದೂರ, ಅದರಲ್ಲೇ ನೋಡಿ ಹೇಳು" ಅಂದು ಗ್ಲೈಡರ್ ಮೂತಿ ಮುಂದೆ ಹೋಗಿ ನಿಂತ್ರು.

ಹುಡುಗ ತಲೆ ತಗ್ಗಿಸಿ ಟ್ಯಾಬ್ ಮೇಲೆ ಬೆರಳಾಡಿಸಿದ.

ಮೇಷ್ಟ್ರು ಅಂಗಿ ಬಿಚ್ಚಿ ತಲೆ ಮೇಲೆ ಹಾಕ್ಕೊಂಡು ಕುಣಿದುಬಿಟ್ರು! ಆ ವಯಸ್ಸಲ್ಲಿ! ನನ್ನ ಬಾಯಿಂದ ಬೀಡಿ ಬಿದ್ದೋಯ್ತು. ಹುಡುಗ ತಲೆ ಎತ್ತೋಷ್ಟರಲ್ಲಿ ಅಂಗಿ ಹಾಕ್ಕೊಂಡು ನೆಟ್ಟಗೆ ನಿಂತಿದ್ರು.

"ಆರು ಕಿಲೋಮೀಟರು ಮೇಷ್ಟ್ರೇ."

"ನಾನೇನು ಮಾಡ್ದೆ?"

"ನೀವಾ? ನಿಂತಿದ್ರಿ."

"ಈಗ ಚಿಕ್ಕದು ಕಟ್ಕೋ. ಗುಡ್ಡಕ್ಕೆ ಎಷ್ಟು?"

ಅದರಲ್ಲಿ ಒಂದು ಬಾಣ, ಒಂದು ಅಂಕಿ, ಅಷ್ಟೇ. ಮೇಷ್ಟ್ರು ಮತ್ತೆ ಅಂಗಿ ಬಿಚ್ಚಿ ತಲೆಗೇರಿಸಿ ಕುಣಿಯೋಕೆ ಶುರು ಮಾಡಿದ್ರು. ಹುಡುಗ ಒಂದು ಸಲ ಕಣ್ಣು ಹಾಯಿಸಿ ತಲೆ ಎತ್ತಿದ.

"ಒಂಬತ್ತು... ಅಯ್ಯೋ ಮೇಷ್ಟ್ರೇ, ಇದೇನು ಅವತಾರ! ಅಂಗಿ ಹಾಕ್ಕೊಳಿ!"

ಮೇಷ್ಟ್ರು ಕುಣಿಯೋದು ನಿಲ್ಲಿಸಿದ್ರು.

"ಗೊತ್ತಾಯ್ತು ಮೇಷ್ಟ್ರೇ, ಚಿಕ್ಕದೇ ಇಟ್ಕೊಳ್ತೀನಿ. ಹಂಗಾದ್ರೆ ನಾಳೆ ಹೋಗ್ಲಾ?"

ಮೇಷ್ಟ್ರು ನಿಧಾನಕ್ಕೆ ಅಂಗಿ ಗುಂಡಿ ಹಾಕ್ಕೊಂಡ್ರು.

"ಹೋಗು. ಆದ್ರೆ ನಾಳೆ ನಿನ್ನ ಮುಂದೆ ಯಾರೂ ಕುಣಿಯಲ್ಲ. ತಲೆ ಎತ್ತಿ ನೋಡೋದು ನೀನೇ ನೆನಪಿಟ್ಕೋ."