ಇಂದುಧರನ ಸಾಲುಗಳು

ಬಸ್ ಟಿಕೆಟ್ ಬುಕ್ಕಿಂಗಿನ ಸಾಫ್ಟ್‌ವೇರ್ ನೋಡಿಕೊಳ್ಳುವ ಆಫೀಸಿಗೆ ವಿಶ್ವಂಭರ ಹೊಸ ಮ್ಯಾನೇಜರಾಗಿ ಬಂದ. ಬಂದವನ ಕಣ್ಣು ನೇರ ಬಿದ್ದದ್ದು ಇಂದುಧರ ಬರೆದ ಕೋಡಿನ ಮೇಲೆ. ಇಂದುಧರ ಹೋದ ತಿಂಗಳಷ್ಟೇ ಜ್ವರದಲ್ಲಿ ತೀರಿಕೊಂಡಿದ್ದ.

ಇಂದುಧರನ ಪಕ್ಕದಲ್ಲಿ ಕೂರುತ್ತಿದ್ದವಳನ್ನು ವಿಶ್ವಂಭರ ಕರೆಸಿದ. "ಏನ್ರೀ ಇದು? ಒಂದು ಸಾಲು ಒಳಗೆ, ಒಂದು ಸಾಲು ಹೊರಗೆ, ಚದುರಿದ ಕುರಿಹಿಂಡು! ಇವತ್ತೇ ಎಲ್ಲಾ ನನ್ನ ಶೈಲಿಗೆ ಬರಬೇಕು."

"ಬರಲಿ ಸಾರ್. ನಿಮ್ಮ ಶೈಲಿ ಅಂದಮೇಲೆ ನಿಮ್ಮ ಕೈಯಿಂದಲೇ ಆಗಲಿ. ಈ ಗುಂಡಿ ಒತ್ತಿದರೆ ಸಾಕು, ಎಲ್ಲಾ ಸಾಲೂ ಒಟ್ಟಿಗೇ ನೇರವಾಗುತ್ತೆ," ಎಂದು ಲ್ಯಾಪ್‌ಟಾಪ್ ಮುಂದಿಟ್ಟಳು. "ಸಾಲನ್ನು ಕೊನೆಗೆ ಮುಟ್ಟಿದವರ ಹೆಸರು ಅದರ ಪಕ್ಕ ಕೂರುತ್ತೆ. ಹಬ್ಬದ ದಿನ ಬುಕ್ಕಿಂಗ್ ನಿಂತರೆ ಆ ಹೆಸರಿನವರಿಗೇ ಫೋನ್ ಮಾಡೋದು ಇಲ್ಲಿನ ಪದ್ಧತಿ."

ಗುಂಡಿಯತ್ತ ಚಾಚಿದ್ದ ವಿಶ್ವಂಭರನ ಬೆರಳು ಅಲ್ಲೇ ನಿಂತಿತು. "ಈಗ ಯಾರಿಗೆ ಮಾಡ್ತಾರೆ?"

"ಇಂದುಧರನಿಗೇ ಸಾರ್. ಅವನ ಮೇಜಿನ ಫೋನ್ ಹೊಡ್ಕೊಳ್ಳುತ್ತೆ. ನಾನು ಎತ್ತುತ್ತೀನಿ."

ಅವನು ಬೆರಳು ಹಿಂದಕ್ಕೆ ತೆಗೆದ. "ಇರಲಿ ಬಿಡಿ. ನೋಡೋಕೆ ಅಷ್ಟೇನೂ ಕೆಟ್ಟದಾಗಿಲ್ಲ."

ವಿಶ್ವಂಭರ ಆಚೆ ಹೋದಮೇಲೆ ಅವಳು ಕೋಡ್ ತೆರೆದು ಕೂತಳು. ಸಾಲುಸಾಲಿಗೂ ಇಂದುಧರನ ಹೆಸರು ಹಾಗೇ ಇತ್ತು.

ಆ ಸಾಲುಗಳು ಸೊಟ್ಟಗಿವೆ ಅಂತ ಅವನು ಬದುಕಿದ್ದಷ್ಟು ದಿನ ಅವನ ಜೊತೆ ಜಗಳವಾಡಿದವಳು ಅವಳೇ.