ತುಂಬಿದ ಅಂಗಳ

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ಜೊತೆಯವರನ್ನು ಕಂಡು ಹೊಟ್ಟೆ ಉರಿದ ದಿನ ನಾನು ಎರಡರಷ್ಟು ಓದುತ್ತೇನೆ. ಕೆಲಸ ಮಾಡಿಸುವ ಅಸೂಯೆಯನ್ನು ಏಕೆ ಬಿಡಬೇಕು?"

ಗುರು ಹೇಳಿದರು:

ಒಬ್ಬ ರೈತ ಬೀಜದ ಹೋರಿಯೊಂದನ್ನು ಸಾಕಿದ್ದ. ಕರುವಾಗಿದ್ದಾಗಲೇ ತಾಯಿ ಸತ್ತದ್ದರಿಂದ ಅವನೇ ಕೈಯಾರೆ ಹಾಲು ಕುಡಿಸಿ ಬೆಳೆಸಿದ ಹೋರಿ ಅದು. ಪಕ್ಕದ ಮನೆಯ ಗೌಡತಿಗೂ ಒಂದು ಹೋರಿಯಿತ್ತು. ಬೆದೆಗೆ ಬಂದ ಹಸುಗಳನ್ನು ಊರವರು ಮೊದಲು ಅವಳ ಅಂಗಳಕ್ಕೇ ಹೊಡೆದುಕೊಂಡು ಹೋಗುತ್ತಿದ್ದರು. ಅವಳು ದಿನಕ್ಕೆ ಒಂದೇ ಹಸುವಿಗೆ ಹೋರಿ ಬಿಡುತ್ತಿದ್ದಳು. ಯಾವ ಹಸು, ಯಾವ ದಿನ, ಗಬ್ಬ ನಿಂತಿತೋ ಇಲ್ಲವೋ, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ರೈತ ಬೇಲಿಯ ಈಚೆ ನಿಂತು ಅವಳ ಅಂಗಳದ ಹಸುಗಳನ್ನು ಎಣಿಸುತ್ತಿದ್ದ. ಎಣಿಸಿದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ.

ಯಾರೋ ಹೇಳಿದ ಮದ್ದನ್ನು ಅವನು ಹಿಡಿದ. ಭಂಗಿ ಸೊಪ್ಪನ್ನು ಬೆಲ್ಲದೊಡನೆ ಅರೆದು, ಕಡು ಕಾಫಿ ಕಷಾಯದಲ್ಲಿ ಕದಡಿ, ಬಿದಿರಿನ ಗೊಟ್ಟದಲ್ಲಿ ಹೋರಿಗೆ ಕುಡಿಸತೊಡಗಿದ. ಹೋರಿ ಕಣ್ಣು ಕೆಂಪಗೆ ಮಾಡಿಕೊಂಡು ಹಗ್ಗ ಜಗ್ಗಿತು. ಕಂಡ ಹಸುವಿನ ಮೇಲೆಲ್ಲ ಹಾರಿತು. ನೋಡಿದವರು ತಲೆದೂಗಿದರು. ಎರಡು ತಿಂಗಳಲ್ಲಿ ರೈತನ ಅಂಗಳ ತುಂಬಿತು, ಗೌಡತಿಯ ಅಂಗಳ ಬರಿದಾಯಿತು.

ಅಷ್ಟಕ್ಕೇ ಅವನಿಗೆ ಸಮಾಧಾನವಾಗಲಿಲ್ಲ. ಅವಳ ಮುಖ ನೋಡಬೇಕೆನಿಸಿತು. ಬೇಲಿಯ ಬಳಿ ಹೋಗಿ, "ಏನು ಗೌಡತಿಯವರೇ, ಅಂಗಳದಲ್ಲಿ ಒಂದು ಹೆಡಿಗೆ ಸೆಗಣಿಯೂ ಕಾಣುವುದಿಲ್ಲವಲ್ಲ. ಹೋರಿಗೆ ವಯಸ್ಸಾಯಿತೇ?" ಎಂದ.

ಗೌಡತಿ ಪುಸ್ತಕದಿಂದ ತಲೆಯೆತ್ತಿದಳು. "ಇಲ್ಲಿಗೆ ಬಂದವು ಗಬ್ಬವಾಗಿ ತಮ್ಮ ತಮ್ಮ ಕೊಟ್ಟಿಗೆಯಲ್ಲಿವೆ ಕಣಪ್ಪ, ಮತ್ತೇಕೆ ಬರುತ್ತವೆ? ನಿನ್ನ ಅಂಗಳದಲ್ಲಿರುವವು ಹೊಸ ಹಸುಗಳೋ, ಇಪ್ಪತ್ತೊಂದು ದಿನದ ಹಿಂದೆ ಬಂದವೋ?"

ರೈತ ತಿರುಗಿ ನೋಡಿದ. ಕೊಂಬು ಮುರಿದ ಕಂದು ಹಸು ಮೂರನೆಯ ಸಲ ಬಂದಿತ್ತು. ಉಳಿದವೂ ಹಾಗೆಯೇ. ಗಬ್ಬ ನಿಲ್ಲದ ಹಸು ಇಪ್ಪತ್ತೊಂದು ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ. ಅದನ್ನು ಹಿಂದಿನ ಹೋರಿಯ ಬಳಿಗೇ ತರುವುದು ಆ ಊರಿನ ವಾಡಿಕೆ. ಅವನು ಗೆಲುವೆಂದು ಎಣಿಸಿದ್ದು ಸೋತು ಮರಳಿದ ಹಸುಗಳನ್ನು.

ಹೋರಿ ಬರಡಾದರೆ ಬೀಜ ಒಡೆಸಿ ನೇಗಿಲಿಗೆ ಕಟ್ಟಬೇಕು. ರೈತ ಅಂದೇ ಹೋರಿಯನ್ನು ಹೊಡೆದುಕೊಂಡು ಪಶುವೈದ್ಯರ ಬಳಿಗೆ ಓಡಿದ. ಅವರು ಹೋರಿಯ ವೀರ್ಯದ ಹನಿಯೊಂದನ್ನು ಸೂಕ್ಷ್ಮದರ್ಶಕದಡಿ ಇಟ್ಟು ಅವನಿಗೂ ತೋರಿಸಿದರು. ವೀರ್ಯಾಣುಗಳಲ್ಲಿ ಹೆಚ್ಚಿನವು ಅಲುಗದೆ ಬಿದ್ದಿದ್ದವು. ಉಳಿದವು ಇದ್ದಲ್ಲೇ ಗಿರಗಿರನೆ ಸುತ್ತುತ್ತಿದ್ದವು. ನೇರವಾಗಿ ಮುಂದಕ್ಕೆ ಈಜಿದ್ದು ಒಂದೂ ಇರಲಿಲ್ಲ. ಹೋರಿ ಬರಡಲ್ಲ, ಇದು ಮದ್ದಿನ ಕೆಲಸ, ಅದನ್ನು ನಿಲ್ಲಿಸು, ಹೊಸ ವೀರ್ಯಾಣು ಹುಟ್ಟಲು ಮೂರು ತಿಂಗಳು ಬಿಡುವು ಕೊಡು ಎಂದು ವೈದ್ಯರು ಹೇಳಿದರು. ರೈತ ಗೊಟ್ಟವನ್ನು ಒಲೆಗೆ ಹಾಕಿದ. ಮೂರು ತಿಂಗಳು ಅಂಗಳದ ಬಾಗಿಲು ತೆರೆಯಲಿಲ್ಲ. ಹೋರಿ ಉಳಿಯಿತು.

ಶಿಷ್ಯ ನಿರಾಳನಾದ. "ಹಾಗಾದರೆ ಅವನ ಹೊಟ್ಟೆಕಿಚ್ಚು ಅಲ್ಲಿಗೆ ಆರಿತು" ಎಂದ.

"ಎಲ್ಲಿ ಆರಿತು? ಈಗ ಅವಳ ಖಾಲಿ ಅಂಗಳವನ್ನು ಕಂಡು ಉರಿಯುತ್ತಾನೆ" ಎಂದರು ಗುರು.

ಶಿಷ್ಯ ಎದ್ದು ಹೋಗಿ, ಹೊಟ್ಟೆ ಉರಿದ ದಿನಗಳಲ್ಲಿ ಓದಿದ್ದರಲ್ಲಿ ತಲೆಯಲ್ಲಿ ನಿಂತದ್ದೆಷ್ಟು ಎಂದು ಎಣಿಸತೊಡಗಿದ.